ಬಟಾಣಿ ಪಾತಿಯ ಗುರು ಗ್ರೆಗೋರ್ ಮೆಂಡೆಲ್



ಮುಂಗಾರಿಗೆ ಮೊದಲು ಬೀಜದ ಅಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲುವ ನಮ್ಮ ರೈತನಿಗೂ, ನೂರೈವತ್ತು ವರ್ಷಗಳಿಗೂ ಹಿಂದೆ ಯುರೋಪಿನ ಒಂದು ಮಠದ ತೋಟದಲ್ಲಿ ಬಟಾಣಿ ಬೆಳೆಸುತ್ತಿದ್ದ ಒಬ್ಬ ಕಥೋಲಿಕ ಗುರುವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಬಹಳ ಹತ್ತಿರದ ಸಂಬಂಧವಿದೆ. ರೈತ ಕೊಳ್ಳುವ ಹೈಬ್ರಿಡ್ ಬೀಜ, ಬಿ.ಟಿ. ಹತ್ತಿ, ಈಗ ಹೊಸದಾಗಿ ಸುದ್ದಿಯಲ್ಲಿರುವ ಜೀನ್ ತಿದ್ದಿದ ಭತ್ತ, ಇವೆಲ್ಲದರ ಬುಡ ಆ ಬಟಾಣಿ ಪಾತಿಯಲ್ಲಿದೆ.

ಕುಲಾಂತರಿ ಬೆಳೆಯ ಮಾತು ಬಂದಾಗ ನಮ್ಮ ಜನರಲ್ಲಿ ಎರಡು ಪಂಗಡಗಳು ಕಾಣುತ್ತವೆ. ಬೀಜದ ಒಳಗಿನದನ್ನು ಮನುಷ್ಯ ಮುಟ್ಟುವುದೇ ಸೃಷ್ಟಿಕರ್ತನ ಕೆಲಸಕ್ಕೆ ಕೈ ಹಾಕಿದ ಪಾಪ ಎಂದು ಒಬ್ಬರು ಹೇಳುತ್ತಾರೆ. ಪೊಟ್ಟಣದ ಮೇಲೆ ಅಚ್ಚಾದದ್ದೆಲ್ಲ ಸತ್ಯವೆಂದು ಇನ್ನೊಬ್ಬರು ನಂಬಿ ಸಾಲ ಮಾಡುತ್ತಾರೆ. ಈ ಇಬ್ಬರಿಗೂ ಹೇಳಬೇಕಾದದ್ದು ಗುರು ಗ್ರೆಗೋರ್ ಮೆಂಡೆಲರ ಜೀವನದಲ್ಲಿ ಇದೆ ಎಂದು ನನಗೆ ತೋರುತ್ತದೆ. ಹತ್ತನೆಯ ತರಗತಿಯಲ್ಲಿ ಓದುವ ನಿಮ್ಮ ಮಗನಿಗೋ ಮಗಳಿಗೋ ಈ ಹೆಸರು ಗೊತ್ತಿರುತ್ತದೆ. ಅವರು ನಮ್ಮ ಧರ್ಮಸಭೆಯ ಒಬ್ಬ ಗುರುಗಳಾಗಿದ್ದರು ಎಂಬುದು ಮಾತ್ರ ಬಹುಮಂದಿಗೆ ನೆನಪಿರುವುದಿಲ್ಲ.

1822ರ ಜುಲೈ ತಿಂಗಳಿನಲ್ಲಿ, ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ ಹೈಂಜೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಅವರು ಜನಿಸಿದರು. ಇಂದು ಆ ಹಳ್ಳಿ ಚೆಕ್ ಗಣರಾಜ್ಯದಲ್ಲಿದೆ. ಮನೆಯಲ್ಲಿ ಇಟ್ಟ ಹೆಸರು ಯೊಹಾನ್. ತಂದೆ ಆಂಟನ್, ತಾಯಿ ರೊಸೀನ್. ಒಬ್ಬಳು ಅಕ್ಕ, ಒಬ್ಬಳು ತಂಗಿ. ತಂದೆಗೆ ಸ್ವಂತ ಹೊಲವಿತ್ತಾದರೂ ವಾರದಲ್ಲಿ ಮೂರು ದಿನ ಜಮೀನ್ದಾರನ ಭೂಮಿಯಲ್ಲಿ ಬಿಟ್ಟಿ ದುಡಿಯಬೇಕಾಗಿತ್ತು. ಉಳಿದ ದಿನಗಳಲ್ಲಿ ತನ್ನ ಹೊಲ, ತನ್ನ ಹಣ್ಣಿನ ಮರಗಳು. ಊರಿನ ಧರ್ಮಕೇಂದ್ರದ ಗುರುಗಳಾದ ಯೊಹಾನ್ ಶ್ರೈಬರ್ ಅವರಿಗೆ ಹಣ್ಣಿನ ಗಿಡಗಳಲ್ಲಿ ಬಹಳ ಆಸಕ್ತಿ. ಒಳ್ಳೆಯ ಜಾತಿಯ ಮರಗಳನ್ನು ಬೆಳೆಸುವ ವಿಧಾನವನ್ನು ಅವರು ಊರಿನವರಿಗೆ ಕಲಿಸಿದರು. ಹುಡುಗ ಚುರುಕಾಗಿದ್ದಾನೆ, ಮುಂದೆ ಓದಿಸಿ ಎಂದು ಪೋಷಕರನ್ನು ಒಪ್ಪಿಸಿದವರಲ್ಲಿ ಶ್ರೈಬರ್ ಸ್ವಾಮಿಗಳೂ ಒಬ್ಬರು.

ಓದು ಸುಲಭವಾಗಿರಲಿಲ್ಲ. ಟ್ರೊಪೌ ಪಟ್ಟಣದ ಪ್ರೌಢಶಾಲೆಯಲ್ಲಿ ಇಡೀ ಊಟದ ಖರ್ಚು ಕೊಡಲು ಶಕ್ತಿಯಿಲ್ಲದೆ ಅರ್ಧ ಊಟದ ಲೆಕ್ಕದಲ್ಲಿ ಹುಡುಗನನ್ನು ಸೇರಿಸಿದ್ದರು. ಊರಿನಿಂದ ಗಾಡಿ ಬಂದಾಗ ತಾಯಿ ಕಳಿಸಿದ ರೊಟ್ಟಿ, ಬೆಣ್ಣೆ ಕೈಸೇರುತ್ತಿತ್ತು. 1838ರಲ್ಲಿ ಜಮೀನ್ದಾರನ ಬಿಟ್ಟಿ ಕೆಲಸದಲ್ಲಿ ಮರದ ದಿಮ್ಮಿ ಉರುಳಿ ಬಿದ್ದು ತಂದೆಯ ಎದೆಗೆ ಪೆಟ್ಟಾಯಿತು. ಅವರು ಮತ್ತೆ ಮೊದಲಿನಂತೆ ದುಡಿಯಲಾರದೆ ಹೋದರು. ಹದಿನಾರು ವರ್ಷದ ಯೊಹಾನ್ ಅಂದಿನಿಂದ ಮನೆಪಾಠ ಹೇಳಿಕೊಟ್ಟು ತನ್ನ ಖರ್ಚನ್ನು ತಾನೇ ನೋಡಿಕೊಳ್ಳಬೇಕಾಯಿತು. ಚಿಂತೆಯಿಂದಲೂ ಅರೆಹೊಟ್ಟೆಯಿಂದಲೂ ಹಲವು ಸಲ ಹಾಸಿಗೆ ಹಿಡಿದನು. ಓಲ್ಮುಟ್ಸ್ ನಗರದಲ್ಲಿ ತತ್ವಶಾಸ್ತ್ರದ ತರಗತಿಗೆ ಸೇರುವ ವೇಳೆಗೆ ಮುಂದಿನ ದಾರಿಯೇ ಮುಚ್ಚಿದಂತಾಗಿತ್ತು.

ಆಗ ಕೈ ಹಿಡಿದವಳು ತಂಗಿ ತೆರೇಸಿಯಾ. ತನ್ನ ಮದುವೆಗೆಂದು ತೆಗೆದಿಟ್ಟಿದ್ದ ವರದಕ್ಷಿಣೆಯ ಪಾಲಿನಲ್ಲಿ ಒಂದು ಭಾಗವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ವರದಕ್ಷಿಣೆಯ ಲೆಕ್ಕದಲ್ಲಿ ಎಷ್ಟೋ ಮನೆಗಳು ಮುರಿದುಹೋಗುವುದನ್ನು ಕಾಣುವ ನಾವು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆ ಹಳ್ಳಿಯ ಹುಡುಗಿ ಆ ಹಣ ಕೊಡದಿದ್ದರೆ ಬಟಾಣಿಯ ಪ್ರಯೋಗವೇ ನಡೆಯುತ್ತಿರಲಿಲ್ಲವೇನೋ. ಅಣ್ಣನೂ ಋಣವನ್ನು ಮರೆಯಲಿಲ್ಲ. ಮುಂದೆ ತಂಗಿಯ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ಅವರು ನೆರವಾದರು. ಅವರಲ್ಲಿ ಇಬ್ಬರು ವೈದ್ಯರಾದರು.

1843ರ ಅಕ್ಟೋಬರ್ ತಿಂಗಳಿನಲ್ಲಿ, ಭೌತಶಾಸ್ತ್ರದ ಪ್ರಾಧ್ಯಾಪಕರೊಬ್ಬರ ಶಿಫಾರಸಿನ ಮೇಲೆ ಯೊಹಾನ್ ಬ್ರನೊ ನಗರದ ಸಂತ ತೋಮಸರ ಮಠವನ್ನು ಪ್ರವೇಶಿಸಿದರು. ಅದು ಅಗಸ್ಟಿನಿಯನ್ ಸಭೆಯ ಮಠ. ಅಲ್ಲಿ ಅವರಿಗೆ ಗ್ರೆಗೋರ್ ಎಂಬ ಹೆಸರು ದೊರೆಯಿತು. ಹೊಟ್ಟೆಪಾಡಿನ ಹೋರಾಟದಿಂದ ಬಿಡುಗಡೆ ಬೇಕಾಗಿತ್ತು, ತನ್ನ ಪರಿಸ್ಥಿತಿಯೇ ಈ ಆಯ್ಕೆಯನ್ನು ಮಾಡಿಸಿತು ಎಂದು ಅವರೇ ಮುಂದೆ ತಮ್ಮ ಕಿರು ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಇದನ್ನು ಓದಿ ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ. ದೇವರ ಕರೆ ಹಸಿವಿನ ದಾರಿಯಲ್ಲಿಯೂ ಬರುತ್ತದೆ. 1847ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು.

ಧರ್ಮಕೇಂದ್ರದ ಕೆಲಸ ಅವರಿಗೆ ಒಗ್ಗಲಿಲ್ಲ. ಆಸ್ಪತ್ರೆಯ ರೋಗಿಗಳ ನರಳಾಟವನ್ನು ನೋಡಿ ಅವರು ಎಷ್ಟು ಕಂಗೆಡುತ್ತಿದ್ದರೆಂದರೆ ಸ್ವತಃ ಕಾಯಿಲೆ ಬೀಳುತ್ತಿದ್ದರು. ಮಠಾಧಿಪತಿಗಳಾದ ಸಿರಿಲ್ ನಾಪ್ ಇದನ್ನು ಗಮನಿಸಿ ಅವರನ್ನು ಜ್ನೈಮ್ ಎಂಬ ಪಟ್ಟಣದ ಶಾಲೆಗೆ ಬದಲಿ ಉಪಾಧ್ಯಾಯರಾಗಿ ಕಳಿಸಿದರು. ಪಾಠ ಹೇಳುವುದರಲ್ಲಿ ಒಳ್ಳೆಯ ಹೆಸರು ಬಂತು. ಆದರೆ ಕಾಯಂ ಉಪಾಧ್ಯಾಯರಾಗಲು ಬೇಕಾದ ಪರೀಕ್ಷೆಯಲ್ಲಿ 1850ರಲ್ಲಿ ನಪಾಸಾದರು. ಅದೂ ಜೀವಶಾಸ್ತ್ರವನ್ನು ಒಳಗೊಂಡ ಪ್ರಕೃತಿ ವಿಜ್ಞಾನದಲ್ಲಿಯೇ! ಆಗ ನಾಪ್ ಅವರು 1851ರಿಂದ 1853ರವರೆಗೆ ಮೆಂಡೆಲರನ್ನು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅಲ್ಲಿ ಭೌತಶಾಸ್ತ್ರಜ್ಞ ಡಾಪ್ಲರ್ ಅವರಿಂದ ಪ್ರಯೋಗದ ಶಿಸ್ತನ್ನೂ, ಸಸ್ಯಶಾಸ್ತ್ರಜ್ಞ ಉಂಗರ್ ಅವರಿಂದ ಗಿಡಗಳ ಜೀವಕೋಶ ಮತ್ತು ಸಂಕರದ ವಿಷಯವನ್ನೂ ಕಲಿತರು. ಹಿಂತಿರುಗಿ ಬಂದು 1856ರಲ್ಲಿ ಅದೇ ಪರೀಕ್ಷೆಗೆ ಎರಡನೆಯ ಸಲ ಕುಳಿತಾಗ ಕಾಯಿಲೆಯಾಗಿ ಅರ್ಧಕ್ಕೆ ಬಿಟ್ಟು ಬಂದರು. ಆ ಪರೀಕ್ಷೆಯನ್ನು ಅವರು ಕೊನೆಗೂ ಪಾಸು ಮಾಡಲಿಲ್ಲ. ಬ್ರನೊ ನಗರದ ಶಾಲೆಯಲ್ಲಿ ಹದಿನಾಲ್ಕು ವರ್ಷ ಬದಲಿ ಮೇಷ್ಟರಾಗಿಯೇ ದುಡಿದರು.

ನಾಪ್ ಮಠಾಧಿಪತಿಗಳ ಬಗ್ಗೆ ಇನ್ನೊಂದು ಮಾತು. ಅಂದಿನ ಬ್ರನೊ ಉಣ್ಣೆ ಬಟ್ಟೆಯ ಗಿರಣಿಗಳ ಊರು. ಒಳ್ಳೆಯ ಉಣ್ಣೆಯ ಕುರಿಯನ್ನು ಹೇಗೆ ಪಡೆಯುವುದು ಎಂಬುದು ಅಲ್ಲಿನ ಕುರಿ ಸಾಕುವವರ ದಿನನಿತ್ಯದ ಚರ್ಚೆ. ಅಂತಹ ಸಭೆಗಳಲ್ಲಿ ಕೂಡುತ್ತಿದ್ದ ನಾಪ್ ಅವರು 1830ರ ದಶಕದಲ್ಲಿಯೇ, ತಂದೆತಾಯಿಯಿಂದ ಮರಿಗೆ ಬರುವುದಾದರೂ ಏನು, ಅದು ಹೇಗೆ ಬರುತ್ತದೆ ಎಂಬುದೇ ಮುಖ್ಯ ಪ್ರಶ್ನೆಯೆಂದು ಎತ್ತಿ ಹೇಳಿದ್ದರು. ಪ್ರಶ್ನೆ ಹಳೆಯದೇ. ಆದಿಕಾಂಡದಲ್ಲಿ ಲಾಬಾನನ ಹಿಂಡಿನಿಂದ ಚುಕ್ಕೆಯ ಕುರಿಗಳನ್ನು ಹೆಚ್ಚಿಸಿಕೊಂಡ ಯಕೋಬನ ಕಥೆ ನಿಮಗೆ ಗೊತ್ತು. ಆದರೆ ಉತ್ತರ ಯಾರಿಗೂ ಗೊತ್ತಿರಲಿಲ್ಲ. ಎರಡು ಬಣ್ಣ ಬೆರೆಸಿದಂತೆ ತಂದೆಯ ಗುಣವೂ ತಾಯಿಯ ಗುಣವೂ ಕಲಸಿ ಹೋಗುತ್ತವೆ ಎಂದು ಅಂದಿನ ಪಂಡಿತರು ನಂಬಿದ್ದರು.

ನಮ್ಮ ಧರ್ಮಸಭೆಯ ಹೆಮ್ಮೆಯನ್ನು ಹೇಳುವಾಗ ಇನ್ನೊಂದು ಮುಖವನ್ನೂ ಹೇಳಿಬಿಡಬೇಕು. 1854ರಲ್ಲಿ ಬ್ರನೊ ಧರ್ಮಾಧ್ಯಕ್ಷರು ಆ ಮಠವನ್ನು ಪರಿಶೀಲಿಸಿ, ಇಲ್ಲಿ ಜಪತಪಕ್ಕಿಂತ ಲೌಕಿಕ ವಿದ್ಯೆಯೇ ಹೆಚ್ಚಾಗಿದೆ, ಇದನ್ನು ಮುಚ್ಚುವುದೇ ಮೇಲು ಎಂದು ಅಭಿಪ್ರಾಯಪಟ್ಟಿದ್ದರು. ನಾಪ್ ಅವರು ಪಟ್ಟುಹಿಡಿದು ಮಠವನ್ನು ಉಳಿಸಿಕೊಂಡರು. ಮಠ ಉಳಿದದ್ದರಿಂದ ಬಟಾಣಿ ಪಾತಿಯೂ ಉಳಿಯಿತು.

ಆ ಪಾತಿ ಎಷ್ಟಿತ್ತು? ಉದ್ದ 35 ಮೀಟರು, ಅಗಲ 7 ಮೀಟರು. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆಗಿಂತಲೂ ಕಡಿಮೆ. ಮೆಂಡೆಲರು ಬೀಜದ ವ್ಯಾಪಾರಿಗಳಿಂದ 34 ಬಗೆಯ ಬಟಾಣಿಯನ್ನು ತರಿಸಿದರು. ತರಿಸಿದ ಕೂಡಲೇ ಪ್ರಯೋಗಕ್ಕಿಳಿಯಲಿಲ್ಲ. ಎತ್ತರದ ತಳಿಯೆಂದು ವ್ಯಾಪಾರಿ ಹೇಳಿದ್ದು ನಿಜವಾಗಿಯೂ ತಲೆಮಾರಿನಿಂದ ತಲೆಮಾರಿಗೆ ಎತ್ತರವಾಗಿಯೇ ಬರುತ್ತದೆಯೇ ಎಂದು ಎರಡು ವರ್ಷ ಬೆಳೆಸಿ ನೋಡಿದರು. ಆಮೇಲೆ 22 ಬಗೆಗಳನ್ನು ಆರಿಸಿಕೊಂಡರು. ಚೀಟಿ ಓದಿ ನಂಬದೆ ಎರಡು ವರ್ಷ ಕಾದ ಆ ಸಹನೆ, ಅವರ ಗಣಿತದಷ್ಟೇ ದೊಡ್ಡದು ಎಂದು ನನ್ನ ಎಣಿಕೆ.

ಬಟಾಣಿ ಹೂವು ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವ ಹೂವು. ಎರಡು ತಳಿಗಳನ್ನು ಕೂಡಿಸಬೇಕಾದರೆ ಮೊಗ್ಗು ಅರಳುವ ಮೊದಲೇ ಅದನ್ನು ಬಿಡಿಸಿ, ಚಿಮುಟದಿಂದ ಕೇಸರಗಳನ್ನು ಕಿತ್ತು, ಇನ್ನೊಂದು ಗಿಡದ ಪರಾಗವನ್ನು ತಂದು ಸವರಿ, ಕೀಟ ಮುಟ್ಟದಂತೆ ಚೀಲ ಕಟ್ಟಬೇಕು. 1856ರಿಂದ 1863ರವರೆಗೆ ಅವರು ಇದನ್ನೇ ಮಾಡಿದರು. ಸುಮಾರು 28,000 ಗಿಡಗಳು! ಬೀಜದ ಆಕಾರ, ಬೀಜದ ಬಣ್ಣ, ಹೂವಿನ ಬಣ್ಣ, ಗಿಡದ ಎತ್ತರ ಮೊದಲಾದ ಏಳು ಗುಣಗಳನ್ನು ಮಾತ್ರ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟರು. ಅವರಿಗಿಂತ ಮೊದಲೂ ಗಿಡಗಳನ್ನು ಬೆರಕೆ ಮಾಡಿದವರಿದ್ದರು. ಆದರೆ ಒಂದೊಂದು ಗುಣವನ್ನೂ ಬೇರೆಯಾಗಿ ಹಿಡಿದು, ತಲೆಮಾರಿನಿಂದ ತಲೆಮಾರಿಗೆ ಹೀಗೆ ಎಣಿಸಿ ಲೆಕ್ಕ ಹಾಕಿದವರಿರಲಿಲ್ಲ.

ಎಣಿಸಿದಾಗ ಕಂಡದ್ದೇನು? ದುಂಡು ಬಟಾಣಿಯನ್ನೂ ಸುಕ್ಕು ಬಟಾಣಿಯನ್ನೂ ಕೂಡಿಸಿದರೆ ಮೊದಲ ತಲೆಮಾರಿನಲ್ಲಿ ಎಲ್ಲವೂ ದುಂಡು. ಸುಕ್ಕು ಕಾಣೆಯಾಯಿತು. ಆ ದುಂಡು ಬೀಜಗಳನ್ನು ಬಿತ್ತಿ ತಾವಾಗಿಯೇ ಕಾಯಿ ಕಟ್ಟಲು ಬಿಟ್ಟಾಗ ಬಂದ 7,324 ಬೀಜಗಳಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚು ಕಡಿಮೆ ಮೂರಕ್ಕೆ ಒಂದು. ಬಣ್ಣದಲ್ಲಿ 6,022 ಹಳದಿ, 2,001 ಹಸಿರು. ಮತ್ತೆ ಮೂರಕ್ಕೆ ಒಂದು. ಅಂದರೆ ಕಾಣೆಯಾದ ಗುಣ ಅಳಿದಿರಲಿಲ್ಲ, ಅಡಗಿತ್ತು. ಪ್ರತಿಯೊಂದು ಗುಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಜೋಡಿ ಅಂಶಗಳು ಬರುತ್ತವೆ. ಎರಡೂ ಬೇರೆ ಬೇರೆಯಾದಾಗ ಪ್ರಬಲವಾದದ್ದು ತೋರುತ್ತದೆ, ದುರ್ಬಲವಾದದ್ದು ಮರೆಯಲ್ಲಿರುತ್ತದೆ. ಮುಂದಿನ ತಲೆಮಾರಿಗೆ ಹೋಗುವಾಗ ಜೋಡಿ ಬಿಡಿಸಿಕೊಂಡು ಒಂದೊಂದೇ ಹೋಗುತ್ತದೆ. ಎರಡು ದುರ್ಬಲ ಅಂಶಗಳು ಮತ್ತೆ ಕೂಡಿದಾಗ ಅಜ್ಜಿಯ ಗುಣ ಮೊಮ್ಮಗಳಲ್ಲಿ ತಲೆಯೆತ್ತುತ್ತದೆ. ಈ ಅಂಶವನ್ನೇ ನಾವು ಇಂದು ವಂಶವಾಹಿ ಅಥವಾ ಜೀನ್ ಎನ್ನುತ್ತೇವೆ. ಆ ಹೆಸರು ಮೆಂಡೆಲರಿಗೆ ಗೊತ್ತಿರಲಿಲ್ಲ.

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರನೊ ನಗರದ ಪ್ರಕೃತಿ ವಿಜ್ಞಾನ ಸಂಘದಲ್ಲಿ ಅವರು ಇದನ್ನು ಓದಿದರು. ಮರುವರ್ಷ ಅಚ್ಚಾಯಿತು. ಆ ಸಂಚಿಕೆ ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಹೋಯಿತು; 40 ಬಿಡಿಪ್ರತಿಗಳನ್ನು ಅವರೇ ತರಿಸಿಕೊಂಡರು. ಲೋಕ ಕದಲಲಿಲ್ಲ. ಒಂದು ಪ್ರತಿ ಡಾರ್ವಿನ್ನರ ಕಪಾಟಿನಲ್ಲಿ ಹಾಳೆ ಕತ್ತರಿಸದೆ ಬಿದ್ದಿತ್ತು ಎಂಬ ಕಥೆಯನ್ನು ನೀವು ಕೇಳಿರಬಹುದು, ಅದಕ್ಕೆ ಆಧಾರವಿಲ್ಲ. ಮೆಂಡೆಲರು ಮಾತ್ರ ಡಾರ್ವಿನ್ನರ ಗ್ರಂಥದ ಜರ್ಮನ್ ಅನುವಾದವನ್ನು ಕೊಂಡು, ಗೆರೆ ಎಳೆದು, ಅಂಚಿನಲ್ಲಿ ಗುರುತು ಹಾಕಿ ಓದಿದ್ದರು. ವಿಜ್ಞಾನದ ಪುಸ್ತಕವನ್ನು ಓದದೆಯೇ ಹೆದರುವವರು ಇದನ್ನು ಗಮನಿಸಬೇಕು.

ಅಂದಿನ ದೊಡ್ಡ ಸಸ್ಯಶಾಸ್ತ್ರಜ್ಞರಲ್ಲಿ ಒಬ್ಬರಾದ ಮ್ಯೂನಿಕ್ ನಗರದ ನೇಗೆಲಿ ಅವರೊಂದಿಗೆ ಏಳು ವರ್ಷ ಪತ್ರವ್ಯವಹಾರ ನಡೆಯಿತು. ನೇಗೆಲಿ ಅವರಿಗೆ ಬಟಾಣಿಯ ಲೆಕ್ಕ ಹಿಡಿಸಲಿಲ್ಲ. ಅವರ ಮೆಚ್ಚಿನ ಗಿಡ ಹಾಕ್‌ವೀಡ್ ಎಂಬ ಹಳದಿ ಹೂವಿನ ಕಳೆ. ಮೆಂಡೆಲರು ಅದರ ಸಾಸಿವೆಯಷ್ಟು ಪುಟ್ಟ ಹೂಗಳನ್ನು ಭೂತಗನ್ನಡಿ ಹಿಡಿದು ಬಿಡಿಸುತ್ತ ಕಣ್ಣು ಕೆಡಿಸಿಕೊಂಡರು. ಮೂರಕ್ಕೆ ಒಂದು ಬರಲೇ ಇಲ್ಲ. ಆ ಕಳೆ ಬಹುಮಟ್ಟಿಗೆ ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟುತ್ತದೆ ಎಂಬುದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ತಮ್ಮ ಲೆಕ್ಕಕ್ಕೆ ಒಗ್ಗದ ಈ ಫಲಿತಾಂಶವನ್ನು ಅವರು ಬಚ್ಚಿಡಲಿಲ್ಲ. ಅದನ್ನೂ ಅದೇ ಸಂಘದ ಮುಂದೆ ಓದಿ ಅಚ್ಚು ಹಾಕಿಸಿದರು. ಬಟಾಣಿಯ ಅಂಕಿಗಳು ತೀರಾ ಅಚ್ಚುಕಟ್ಟಾಗಿವೆ ಎಂದು 1936ರಲ್ಲಿ ಇಂಗ್ಲೆಂಡಿನ ಫಿಶರ್ ಎಂಬ ಗಣಿತಜ್ಞರು ಅನುಮಾನ ಎತ್ತಿದ್ದುಂಟು. ಆ ಚರ್ಚೆ ದಶಕಗಳ ಕಾಲ ನಡೆಯಿತು. ಆದರೆ ಸೋಲನ್ನು ಹೀಗೆ ಬಹಿರಂಗಪಡಿಸಿದ ಮನುಷ್ಯ ಗೆಲುವಿನಲ್ಲಿ ಮೋಸ ಮಾಡಿದ ಎಂದು ನಂಬುವುದು ನನಗಂತೂ ಕಷ್ಟ.

1868ರಲ್ಲಿ ಮಠದ ಸಹೋದರರು ಅವರನ್ನು ಮಠಾಧಿಪತಿಯಾಗಿ ಆರಿಸಿದರು. ಪ್ರಯೋಗಕ್ಕೆ ಬಿಡುವು ಕಡಿಮೆಯಾಗುತ್ತ ಬಂತು. ಜೇನು ಸಾಕಿದರು, ಹಣ್ಣಿನ ತೋಟ ನೋಡಿಕೊಂಡರು, ದಿನವೂ ಗಾಳಿ ಮಳೆಯ ಲೆಕ್ಕ ಬರೆದಿಟ್ಟರು. ಹುಟ್ಟೂರಿನಲ್ಲಿ ಬೆಂಕಿ ಆರಿಸುವ ಠಾಣೆಗೆ ಹಣ ಕೊಟ್ಟರು. 1874ರಲ್ಲಿ ಸರ್ಕಾರ ಮಠಗಳ ಆಸ್ತಿಯ ಮೇಲೆ ಹೊಸ ತೆರಿಗೆ ಹಾಕಿದಾಗ, ಅದು ಅನ್ಯಾಯವೆಂದು ಹೇಳಿ ಕಟ್ಟಲು ನಿರಾಕರಿಸಿದರು. ಉಳಿದ ಮಠಗಳು ಸುಮ್ಮನಾದರೂ ಇವರು ಸಾಯುವವರೆಗೆ ಜಗ್ಗಲಿಲ್ಲ. ಆ ತೆರಿಗೆಯ ಹಣ ಬಡ ಧರ್ಮಕೇಂದ್ರಗಳ ಗುರುಗಳ ಸಂಬಳಕ್ಕೆ ಹೋಗಬೇಕಾಗಿದ್ದರಿಂದ, ಈ ವ್ಯಾಜ್ಯದಲ್ಲಿ ಮೆಂಡೆಲರ ಪಕ್ಷ ವಹಿಸಲು ನನ್ನಂತಹ ಧರ್ಮಕೇಂದ್ರದ ಗುರುವಿಗೆ ಸ್ವಲ್ಪ ಸಂಕೋಚವೇ! ಹಟ ಅವರನ್ನು ಒಂಟಿ ಮಾಡಿತು. ಮೂತ್ರಪಿಂಡದ ಕಾಯಿಲೆಯಿಂದ 1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, 61ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯ ಪೂಜೆಯ ಸಂಗೀತವನ್ನು ನಡೆಸಿದವರು ಮುಂದೆ ಪ್ರಸಿದ್ಧ ಸಂಗೀತಗಾರರಾದ ಯಾನಾಚೆಕ್. ಸೇರಿದ್ದ ಜನ ಒಬ್ಬ ಒಳ್ಳೆಯ ಮಠಾಧಿಪತಿಗೆ ವಿದಾಯ ಹೇಳಿದರು. ವಿಜ್ಞಾನಿಯೊಬ್ಬ ಹೋದನೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವರ ಕಾಗದಪತ್ರಗಳಲ್ಲಿ ಬಹುಪಾಲು ಸುಟ್ಟುಹೋದವು.

ಹದಿನಾರು ವರ್ಷಗಳ ನಂತರ, 1900ರಲ್ಲಿ, ಹಾಲೆಂಡಿನ ಡಿ ವ್ರೀಸ್, ಜರ್ಮನಿಯ ಕೊರೆನ್ಸ್, ಆಸ್ಟ್ರಿಯಾದ ಚೆರ್ಮಾಕ್ ಎಂಬ ಮೂವರು ತಮ್ಮ ಫಲಿತಾಂಶಗಳನ್ನು ಪ್ರಕಟಿಸುವಾಗ, ಆ ಹಳೆಯ ಸಂಚಿಕೆಯ ಗುರುಗಳು ಇದನ್ನೆಲ್ಲ ಆಗಲೇ ಹೇಳಿದ್ದಾರೆ ಎಂಬುದು ಬೆಳಕಿಗೆ ಬಂತು. ಕೀರ್ತಿ ಬಂದ ಮೇಲೆ ದುರುಪಯೋಗವೂ ಬಂತು. ಮನುಷ್ಯರನ್ನೂ ಕುರಿಗಳಂತೆ ಆರಿಸಿ ಬೆಳೆಸಬೇಕು, ದುರ್ಬಲರಿಗೆ ಮಕ್ಕಳಾಗದಂತೆ ಮಾಡಬೇಕು ಎಂಬ ಕ್ರೂರ ವಾದಕ್ಕೆ ಅವರ ಲೆಕ್ಕವನ್ನು ಎಳೆದು ತಂದರು. 1933ರಲ್ಲಿ ಜರ್ಮನಿಯಲ್ಲಿ ಅದು ಕಾನೂನೇ ಆಯಿತು. ಅದಕ್ಕೆ ಮೂರು ವರ್ಷ ಮೊದಲೇ, 1930ರಲ್ಲಿ, ಹನ್ನೊಂದನೆಯ ಪಿಯೂಸ್ ಜಗದ್ಗುರುಗಳು ವಿವಾಹದ ಕುರಿತ ತಮ್ಮ ವಿಶ್ವಪತ್ರದಲ್ಲಿ ಈ ವಾದವನ್ನು ಖಂಡಿಸಿದ್ದರು. ಇನ್ನೊಂದು ಕಡೆ ರಷ್ಯಾದಲ್ಲಿ ಮೆಂಡೆಲರ ವಿಜ್ಞಾನವೇ ಸುಳ್ಳೆಂದು ಅಧಿಕಾರದ ಬಲದಿಂದ ಸಾರಿದರು. ಲೋಕದ ಬೀಜಗಳನ್ನೆಲ್ಲ ಸಂಗ್ರಹಿಸಿದ್ದ ವಾವಿಲೋವ್ ಎಂಬ ವಿಜ್ಞಾನಿ 1943ರಲ್ಲಿ ಸೆರೆಮನೆಯಲ್ಲಿ ಹಸಿವಿನಿಂದ ಬಳಲಿ ಸತ್ತರು.

ಈಗ ನಮ್ಮ ಹೊಲಕ್ಕೆ ಬರೋಣ. ಹೈಬ್ರಿಡ್ ಎಂದರೆ ಮೆಂಡೆಲರ ಮೊದಲ ತಲೆಮಾರು. ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ, ಎಲ್ಲವೂ ಒಂದೇ ಸಮನಾಗಿ ಹುಲುಸಾಗಿ ಬರುವ ಬೀಜ. 1970ರ ದಶಕದಲ್ಲಿ ಧಾರವಾಡದಲ್ಲಿ ಡಾ. ಕಟರ್ಕಿ ಅವರು ರೂಪಿಸಿದ ವರಲಕ್ಷ್ಮಿ ಹತ್ತಿ ಇಂಥದ್ದೇ. ಅದರ ಬೀಜವನ್ನು ಇಟ್ಟುಕೊಂಡು ಮರುವರ್ಷ ಬಿತ್ತಿದರೆ ಅಡಗಿದ್ದ ಗುಣಗಳು ಹೊರಬಿದ್ದು ಒಂದು ಗಿಡ ಉದ್ದ, ಒಂದು ಗಿಡ ಗಿಡ್ಡ ಆಗುತ್ತದೆ. ಮಂಡ್ಯದಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಬೆರಕೆ ಮಾಡಿ ಕೊಟ್ಟ ಇಂಡಾಫ್ ತಳಿಗಳು ಹಾಗಲ್ಲ. ಅವರು ಹಲವು ತಲೆಮಾರು ಆರಿಸಿ ಗುಣ ನೆಲೆಗೊಳಿಸಿದ್ದರು. ರಾಗಿಯೂ ಬಟಾಣಿಯಂತೆ ತನ್ನ ಹೂವಿನಲ್ಲಿಯೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಆದ್ದರಿಂದ ಇಂಡಾಫ್ ಬೀಜವನ್ನು ರೈತ ತನ್ನ ಮನೆಯಲ್ಲಿಯೇ ಇಟ್ಟುಕೊಳ್ಳಬಹುದಾಗಿತ್ತು.

ಕುಲಾಂತರಿಯೆಂದರೆ ಬೇರೆ ಜೀವಿಯ ವಂಶವಾಹಿಯನ್ನು ತಂದು ಗಿಡಕ್ಕೆ ಸೇರಿಸುವುದು. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಪಡೆದ ಬಿ.ಟಿ. ಹತ್ತಿಯನ್ನು ತಿಂದ ಕಾಯಿಕೊರಕ ಸಾಯುತ್ತದೆ. 1998ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದಲ್ಲಿ ರೈತ ಸಂಘದವರು ರಾಯಚೂರು ಜಿಲ್ಲೆಯ ಪ್ರಯೋಗದ ಹೊಲಗಳಲ್ಲಿ ಈ ಗಿಡಗಳನ್ನು ಕಿತ್ತು ಸುಟ್ಟದ್ದು ನಿಮಗೆ ನೆನಪಿರಬಹುದು. 2002ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಹತ್ತು ಹನ್ನೆರಡು ವರ್ಷಗಳಲ್ಲಿ ದೇಶದ ಹತ್ತಿ ಭೂಮಿಯ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲನ್ನು ಬಿ.ಟಿ. ಆವರಿಸಿತು.

ಈ ಬೀಜ ಮರುವರ್ಷ ಮೊಳೆಯದಂತೆ ಕಂಪನಿಯವರು ಒಳಗೆ ಏನನ್ನೋ ಇಟ್ಟಿದ್ದಾರೆ ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಇದೆ. ಅದು ನಿಜವಲ್ಲ. ಅಂತಹ ತಂತ್ರದ ವಿಚಾರ ಕಾಗದದ ಮೇಲೆ ಇತ್ತು. ಮಾರಾಟಕ್ಕೆ ಬರಲೇ ಇಲ್ಲ. ಬಿ.ಟಿ. ಬೀಜ ಮೊಳೆಯುತ್ತದೆ. ಆದರೆ ನಮ್ಮ ದೇಶದಲ್ಲಿ ಅದನ್ನು ಬಹುಪಾಲು ಹೈಬ್ರಿಡ್ಡಾಗಿಯೇ ಮಾರಿದ್ದರಿಂದ ಎರಡನೆಯ ತಲೆಮಾರು ಒಡೆದು ಬೆರಕೆಯಾಗುತ್ತದೆ. ಪ್ರತಿ ವರ್ಷ ಅಂಗಡಿಗೆ ಎಳೆಯುವ ಹಗ್ಗ ಆ ಬ್ಯಾಕ್ಟೀರಿಯಾದ ವಂಶವಾಹಿಯಲ್ಲ, ಮೆಂಡೆಲರ ಮೂರಕ್ಕೆ ಒಂದರ ಲೆಕ್ಕ. ಇದನ್ನು ತಿಳಿದ ರೈತ ಸರಿಯಾದ ಪ್ರಶ್ನೆ ಕೇಳುತ್ತಾನೆ: ಹೈಬ್ರಿಡ್ ಅಲ್ಲದ, ನಾನು ಬೀಜ ಇಟ್ಟುಕೊಳ್ಳಬಹುದಾದ ತಳಿಯಲ್ಲಿ ಇದೇ ಗುಣವನ್ನು ಏಕೆ ಕೊಡಲಿಲ್ಲ?

ಇನ್ನೊಂದು ಸಂಗತಿ ಇದಕ್ಕಿಂತಲೂ ನೋವಿನದು. ಬಹುಕಾಲ 450 ಗ್ರಾಂ ಬಿ.ಟಿ. ಬೀಜದ ಜೊತೆಗೆ 120 ಗ್ರಾಂ ಸಾಮಾನ್ಯ ಹತ್ತಿ ಬೀಜದ ಬೇರೆ ಪೊಟ್ಟಣ ಕೊಡುತ್ತಿದ್ದರು. ಹೊಲದ ಸುತ್ತ ಇದನ್ನು ಬಿತ್ತಬೇಕು. ಏಕೆ? ಹುಳುವಿಗೂ ಜೋಡಿ ಅಂಶಗಳಿವೆ. ವಿಷವನ್ನು ತಾಳುವ ಗುಣ ಸಾಮಾನ್ಯವಾಗಿ ಅಡಗಿರುವ ದುರ್ಬಲ ಗುಣ; ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹುಳು ಬದುಕುತ್ತದೆ. ಹಾಗೆ ಬದುಕಿದ ಅಪರೂಪದ ಚಿಟ್ಟೆ ಪಕ್ಕದ ಸಾಮಾನ್ಯ ಹತ್ತಿಯಲ್ಲಿ ಬೆಳೆದ ಚಿಟ್ಟೆಯೊಂದಿಗೆ ಕೂಡಿದರೆ ಮರಿಗಳಿಗೆ ಒಂದೇ ಅಂಶ ಹೋಗುತ್ತದೆ, ಅವು ಬಿ.ಟಿ. ತಿಂದು ಸಾಯುತ್ತವೆ. ಅಪ್ಪಟ ಮೆಂಡೆಲ್ ಪಾಠ. ಆದರೆ ಆ ಚಿಕ್ಕ ಪೊಟ್ಟಣವನ್ನು ಬಹುಮಂದಿ ಬಿತ್ತಲೇ ಇಲ್ಲ. ಹುಳುವಿಗೆಂದು ಭೂಮಿ ಬಿಡಲು ಎರಡೆಕರೆ ಇರುವವನಿಗೆ ಮನಸ್ಸು ಬರುವುದಿಲ್ಲ. ಅದರ ಅರ್ಥವನ್ನು ಅವನ ಮನೆ ಬಾಗಿಲಿಗೆ ಬಂದು ಕನ್ನಡದಲ್ಲಿ ವಿವರಿಸಿದವರೂ ಕಡಿಮೆ. ಮೊದಲ ವರ್ಷಗಳಲ್ಲಿ ಇಳಿದಿದ್ದ ಔಷಧದ ಖರ್ಚು ಮತ್ತೆ ಏರಿತು. 2015ರ ಸುಮಾರಿಗೆ ಗುಲಾಬಿ ಕಾಯಿಕೊರಕ ಬಿ.ಟಿ. ಹತ್ತಿಯನ್ನೇ ತಿಂದು ಬದುಕುವುದು ಗುಜರಾತಿನಲ್ಲಿ ಕಂಡಿತು. ನಮ್ಮ ಹತ್ತಿ ಜಿಲ್ಲೆಗಳಿಗೂ ಅದು ಹಬ್ಬಿತು.

ಹಾಗಾದರೆ ವಂಶವಾಹಿಯನ್ನು ಮುಟ್ಟುವುದು ಪಾಪವೇ? ಮೆಂಡೆಲರ ಸುಕ್ಕು ಬಟಾಣಿಯ ರಹಸ್ಯವನ್ನು ಇಂಗ್ಲೆಂಡಿನ ವಿಜ್ಞಾನಿಗಳು 1990ರಲ್ಲಿ ಬಿಡಿಸಿದರು. ಪಿಷ್ಟವನ್ನು ರೂಪಿಸುವ ಒಂದು ವಂಶವಾಹಿಯ ನಡುವೆ ಸುಮಾರು 800 ಅಕ್ಷರಗಳಷ್ಟು ಡಿ.ಎನ್.ಎ. ತುಣುಕೊಂದು ತಾನಾಗಿ ಬಂದು ಸೇರಿ ಅದನ್ನು ಕೆಡಿಸಿದೆ. ಪಿಷ್ಟ ಕಡಿಮೆಯಾಗಿ ಸಕ್ಕರೆಯೂ ನೀರೂ ಹೆಚ್ಚಾದ ಆ ಕಾಳು ಒಣಗಿದಾಗ ಸುಕ್ಕಾಗುತ್ತದೆ, ತಿನ್ನಲು ಸಿಹಿ. ಮನುಷ್ಯನ ಕೈಯಿಲ್ಲದೆ ಪ್ರಕೃತಿಯೇ ಮಾಡಿದ ಸೇರ್ಪಡೆ ಅದು. ವಂಶವಾಹಿಗೆ ಹೊಸದು ಸೇರುವುದೇ ಸೃಷ್ಟಿಕರ್ತನ ಇಚ್ಛೆಗೆ ವಿರುದ್ಧವೆಂದು ಹೇಳಿದರೆ ಈ ಬಟಾಣಿಯನ್ನು ಏನು ಮಾಡುವುದು? ಆದರೆ ಪ್ರಕೃತಿಯಲ್ಲಿ ಆಗುತ್ತದೆ ಎಂಬ ಮಾತ್ರಕ್ಕೆ ಮನುಷ್ಯ ಮಾಡಿದ್ದೆಲ್ಲ ನಿರಪಾಯವೆಂದೂ ಆಗುವುದಿಲ್ಲ. ಒಂದೊಂದು ಬೆಳೆಯನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಬಿ.ಟಿ. ಬದನೆಯ ವಿಷಯದಲ್ಲಿ ಬೆಂಗಳೂರು ಸೇರಿದಂತೆ ಹಲವು ಊರುಗಳಲ್ಲಿ ಸಾರ್ವಜನಿಕ ಸಭೆ ನಡೆಸಿ, 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಹಿಡಿದದ್ದು ಇಂತಹ ಪ್ರಶ್ನೆಗಳು ಎದ್ದದ್ದರಿಂದಲೇ.

ದಿವಂಗತ ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಕುಲಾಂತರಿಯನ್ನು ಒಟ್ಟಾರೆಯಾಗಿ ಹರಸಲೂ ಇಲ್ಲ, ಶಪಿಸಲೂ ಇಲ್ಲ. ಅವರ ಚಿಂತೆ ಬೇರೆ ಕಡೆಗಿತ್ತು: ಕೆಲವೆಡೆ ಭೂಮಿ ಕೆಲವೇ ಒಡೆಯರ ಕೈಸೇರಿ ಸಣ್ಣ ರೈತ ಅಳಿಸಿಹೋಗುತ್ತಿರುವುದು, ಬೀಜದ ಉತ್ಪಾದನೆ ಬೆರಳೆಣಿಕೆಯವರ ಹಿಡಿತಕ್ಕೆ ಹೋಗುವುದು. ರೈತರೂ ಗ್ರಾಹಕರೂ ಸೇರಿ ಸಂಬಂಧಪಟ್ಟವರಿಗೆಲ್ಲ ಪೂರ್ಣ ಮಾಹಿತಿ ಸಿಗಬೇಕು, ಅವರ ಮಾತು ಕೇಳಬೇಕು ಎಂದು ಅವರು ಒತ್ತಾಯಿಸಿದರು.

ಈಗ ಬಂದಿರುವುದು ಮೂರನೆಯ ಬಗೆ, ಜೀನ್ ತಿದ್ದುಪಡಿ. ಹೊರಗಿನ ವಂಶವಾಹಿಯನ್ನು ತರದೆ ಗಿಡದ ಸ್ವಂತ ವಂಶವಾಹಿಯಲ್ಲಿಯೇ ಬೇಕಾದ ಜಾಗದಲ್ಲಿ ಕತ್ತರಿಸಿ ತಿದ್ದುವ ಕ್ರಮ. ಈ ಕತ್ತರಿಯನ್ನು ರೂಪಿಸಿದ ಇಬ್ಬರು ಮಹಿಳಾ ವಿಜ್ಞಾನಿಗಳಿಗೆ 2020ರಲ್ಲಿ ನೊಬೆಲ್ ದೊರೆಯಿತು. ಹೊರಗಿನ ವಂಶವಾಹಿ ಉಳಿಯದ ಇಂತಹ ಗಿಡಗಳಿಗೆ ಭಾರತ ಸರ್ಕಾರ 2022ರಲ್ಲಿ ಕುಲಾಂತರಿಯ ಬಿಗಿ ನಿಯಮಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಿನಲ್ಲಿ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಕಮಲಾ ಎಂಬುದು ಸಾಂಬಾ ಮಸೂರಿಯಿಂದ, ಅಂದರೆ ತುಂಗಭದ್ರಾ ಅಚ್ಚುಕಟ್ಟಿನ ರೈತರು ಬಿ.ಪಿ.ಟಿ. ಎಂದು ಕರೆಯುವ ಭತ್ತದಿಂದ ಮಾಡಿದ್ದು. ಕಾಳು ಹೆಚ್ಚು, ಕೊಯ್ಲು ಇಪ್ಪತ್ತು ದಿನ ಮೊದಲು ಎನ್ನುತ್ತಾರೆ ರೂಪಿಸಿದವರು. ಇನ್ನೊಂದು ಬರ ಮತ್ತು ಚೌಳು ಮಣ್ಣನ್ನು ತಾಳುವುದಕ್ಕೆಂದು ಮಾಡಿದ್ದು.

ಭತ್ತವೂ ಬಟಾಣಿಯಂತೆ ತನ್ನ ಹೂವಿನಲ್ಲಿಯೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ಇವು ಹೈಬ್ರಿಡ್ ಅಲ್ಲ. ಆದ್ದರಿಂದ ಕಮಲಾ ಬಿತ್ತಿದರೆ ಕಮಲಾವೇ ಬರುತ್ತದೆ, ಮರುವರ್ಷವೂ ಬರುತ್ತದೆ. ಸ್ವಂತ ಬೆಳೆಯ ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ನೆರೆಯವನಿಗೆ ಕೊಡುವ ಹಕ್ಕನ್ನು 2001ರ ಕಾನೂನು ನಮ್ಮ ರೈತನಿಗೆ ಕೊಟ್ಟಿದೆ. ಆದರೆ ತಿದ್ದುವ ಕತ್ತರಿಯ ಮೂಲ ಪೇಟೆಂಟುಗಳು ಹೊರದೇಶದ ಸಂಸ್ಥೆಗಳ ಕೈಯಲ್ಲಿವೆ. ಆದ್ದರಿಂದ ಈ ಬೀಜ ನಿಮ್ಮ ಊರಿಗೆ ಬಂದಾಗ ಕೃಷಿ ಇಲಾಖೆಯವರನ್ನು ಮೂರು ಮಾತು ಕೇಳಿ. ಎಷ್ಟು ಊರುಗಳಲ್ಲಿ, ಎಷ್ಟು ವರ್ಷ ಬೆಳೆದು ನೋಡಿದ್ದೀರಿ? ಲೆಕ್ಕವನ್ನು ನಮಗೂ ತೋರಿಸುತ್ತೀರಾ? ಕಣಜದಲ್ಲಿಟ್ಟ ಬೀಜಕ್ಕೆ ಮುಂದೆ ಯಾರಿಗಾದರೂ ಹಣ ಕಟ್ಟಬೇಕಾಗುತ್ತದೆಯೇ? ಉತ್ತರವನ್ನು ಬರೆದು ಕೊಡಲು ಹೇಳಿ. ಮೊದಲ ವರ್ಷ ಒಂದೆರಡು ಗುಂಟೆಯಲ್ಲಿ ಹಾಕಿ, ಪಕ್ಕದಲ್ಲಿ ನಿಮ್ಮ ಹಳೆಯ ಬಿ.ಪಿ.ಟಿ.ಯನ್ನೂ ಹಾಕಿ, ಎರಡನ್ನೂ ಬೇರೆ ಬೇರೆಯಾಗಿ ಅಳೆದು ಬರೆದಿಡಿ.